ಹನ್ನೆರಡು ಪದದ ಒಡಪು

ಗಂಡನ ಹೆಸರನ್ನು ಒಡಪು ಕಟ್ಟಿ ಹೇಳು ಎಂದು ನಾಲ್ಕು ಹೆಂಗಸರು ಹಟ ಹಿಡಿದರೆ ಬೀದರ್ ಕಡೆಯ ಯಾವ ಹೆಣ್ಣುಮಗಳೂ ಬಾಯಿ ಮುಚ್ಚಿ ಕೂರುವುದಿಲ್ಲ. ಮರಾಠಿ ಸೀಮೆಯ ಹಡಪಸರದಲ್ಲಿ, ತಮ್ಮದೇ ಬಿಲ್ಡಿಂಗಿನ ಸಾಬವ್ವನ ಮೊಮ್ಮಗನ ತೊಟ್ಟಿಲ ಕಾರ್ಯದ ದಿನ ಸಾವಿತ್ರಿಬಾಯಿಯೂ ಕೂರಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು ನಿಂತು ಹೇಳಿಯೇಬಿಟ್ಟಳು:

"ಟೊಮೆಟೊ ಸಾರಿನ ಹೋಟೆಲ್ ಮುಂದ ಅಂಬ್ರೆಲಾ ಹಿಡಿದು ನಿಂತಾರ,
ಟ್ರೇನಿಗೆ ಟಿಕೆಟ್ ತಗಿಸಿ ಶುಗರ್ ಇಲ್ಲದ ಕಾಫಿ ಕುಡಿಸ್ಯಾರ,
ಮ್ಯಾಂಗೋ ಕೈಯಾಗ ಕೊಟ್ಟು ಕ್ಯಾಮೆರಾದಾಗ ಹಿಡಿದಾರ,
ಗೋಲ್ಡ್ ಮನಸಿನ, ಹೀರೋ ಮಾರಿಯ, ಟೈಗರ್ ನಡಿಗಿಯ ಗುರಣ್ಣ ನಮ್ಮವರ!"

ಹೆಂಗಸರ ಚಪ್ಪಾಳೆಗೆ ತೊಟ್ಟಿಲ ಕೂಸು ಬೆಚ್ಚಿ ಅತ್ತಿತು. ಪಕ್ಕದ ಕೋಣೆಯಲ್ಲಿ ಊಟಕ್ಕೆ ಕೂತಿದ್ದ ಗುರಣ್ಣನ ಗಂಟಲಲ್ಲಿ ಹೋಳಿಗೆ ಸಿಕ್ಕಿಕೊಂಡಿತು.

ಗುರಣ್ಣ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಶಿರೂರಿನ ಹತ್ತಿರ ಮನೆಗೆ ಜಾಗ ಕೊಳ್ಳಲು ಕೂಡಿಟ್ಟಿದ್ದನ್ನೆಲ್ಲ, ಬೇಗ ಬೆಳೆಯಲಿ ಎಂಬ ಆಸೆಯಿಂದ, ಬಿಟ್‌ಕಾಯಿನ್ ಮಾಡಿಟ್ಟಿದ್ದ. ಮೇಲಿನ ಮಹಡಿಯ ಐಟಿ ಹುಡುಗ, ಮಂಡ್ಯದ ಮಧುಕರ್, ಅವನ ಫೋನಿನಲ್ಲಿ ಅದಕ್ಕೊಂದು ವಾಲೆಟ್ ಹಾಕಿಕೊಟ್ಟಿದ್ದ. ಆ ವಾಲೆಟ್ ಹನ್ನೆರಡು ಇಂಗ್ಲಿಷ್ ಪದಗಳನ್ನು ಕೊಟ್ಟಿತ್ತು.

"ಈ ಪದಗಳು ಇದೇ ಆರ್ಡರ್‌ನಲ್ಲಿ ಯಾರಿಗೆ ಗೊತ್ತೋ ದುಡ್ಡು ಅವರದು ಗುರಣ್ಣ. ಫೋಟೊ ತೆಗೀಬೇಡಿ, ಯಾರಿಗೂ ಹೇಳ್ಬೇಡಿ. ಕಳೆದುಹೋದ್ರೆ ಹೋಗಿ ಜಗಳ ಆಡೋಕೆ ಇಲ್ಲಿ ಬ್ಯಾಂಕ್ ಮ್ಯಾನೇಜರ್ ಇರಲ್ಲ," ಎಂದಿದ್ದ ಮಧುಕರ್.

ಗುರಣ್ಣ ಆ ಪದ ಬರೆದುಕೊಂಡಿದ್ದ ಚೀಟಿಯನ್ನು ಒಲೆಯ ಮೇಲೆ ಸುಟ್ಟುಹಾಕಿದ. ಆದರೆ ಅವನ ನೆನಪು ಸೋರುವ ಕೊಡ. ಆದ್ದರಿಂದ ಸುಡುವ ಮೊದಲು ಪದಗಳನ್ನು ಹೆಂಡತಿಯ ತಲೆಗೆ ದಾಟಿಸಿದ್ದ. "ಒಡಪು ಕಟ್ಟಿದ್ರ ಸಾಯೂತನಕ ಮರಿಯೂದಿಲ್ರಿ," ಎಂದು ಅವಳು ರೊಟ್ಟಿ ಬಡಿಯುತ್ತಲೇ ಕಟ್ಟಿಬಿಟ್ಟಳು. ಗುರಣ್ಣನಲ್ಲಿ ಉಳಿದಿದ್ದು ಟೊಮೆಟೊ ಮತ್ತು ಹೋಟೆಲ್ ಎರಡೇ. ಈಗ ಆ ಎರಡೂ ಕಿವಿಗೆ ಬಿದ್ದಿದ್ದವು. ಉಳಿದ ಇಂಗ್ಲಿಷ್ ಪದಗಳನ್ನೂ ಸೇರಿಸಿ ಬೆರಳು ಮಡಚಿ ಎಣಿಸಿದ. ಸರಿಯಾಗಿ ಹನ್ನೆರಡು.

ಎಂಜಲು ಕೈಯಲ್ಲೇ ಹೆಂಗಸರ ನಡುವೆ ನುಗ್ಗಿದ. ಪಕ್ಕದ ಮನೆಯ ದುರ್ಗಾ ಫೋನ್ ಹಿಡಿದು ನಗುತ್ತಿದ್ದಳು.

"ಬಾಯಾರ, ಅದನ್ನ ವಿಡಿಯೋ ಮಾಡೀರೇನು? ಅಳಿಸ್ರಿ ಮೊದಲ!"

"ಅಯ್ಯ, ಬಿಲ್ಡಿಂಗಿನ ಗ್ರೂಪಿಗೆ ಹಾಕೂದೂ ಆತು. ಹೆಂಡ್ತಿ ಹೊಗಳಿದ್ರ ಇಷ್ಟ ಸಿಟ್ಟಿಗೇಳೂ ಗಂಡನ್ನ ನಾ ಇವತ್ತ ನೋಡಿದೆ!"

ಹೆಂಗಸರು ಗೊಳ್ಳೆಂದರು. ಗುರಣ್ಣ ಏನು ಹೇಳಬೇಕು? ಅದು ಒಡಪಲ್ಲ, ನನ್ನ ತಿಜೋರಿಯ ಕೀಲಿಕೈ ಎಂದರೆ, ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ. ಸುಮ್ಮನಿದ್ದರೆ ಕೀಲಿಕೈ ಊರು ಸುತ್ತುತ್ತದೆ. ಅಷ್ಟರಲ್ಲಿ ದುರ್ಗಾ ಅದೇ ಒಡಪಿಗೆ ತನ್ನ ಗಂಡನನ್ನು ಕೂರಿಸಿ "ಟೈಗರ್ ನಡಿಗಿಯ ದತ್ತು" ಎಂದು ಹಾಡಿಯೂ ಬಿಟ್ಟಳು. ಬಿಲ್ಡಿಂಗಿನ ಕಾರ್ಯದರ್ಶಿ ಪಂಢರಿನಾಥ ಬಾಗಿಲಲ್ಲಿ ಕಾಣಿಸಿಕೊಂಡು, "ಏಕದಮ್ ಭಾರಿ, ಸಾವಿತ್ರಿ ವಹಿನಿ! ಲೋಣಾವಳಾದ ನನ್ನ ತಂಗಿಗೂ ಕಳಿಸಿದೆ!" ಎಂದ.

ಗುರಣ್ಣನಿಗೆ ಲೋಣಾವಳಾದಲ್ಲಿ ಯಾರೋ ಶೇಂಗಾ ಚಿಕ್ಕಿ ಕಡಿಯುತ್ತ ತನ್ನ ಶಿರೂರಿನ ಜಾಗವನ್ನೂ ಕಡಿದಂತೆ ಕಂಡಿತು. ಮೆಟ್ಟಿಲಿಗೆ ಓಡಿ ಮಧುಕರನಿಗೆ ಮೇಲಿಂದ ಮೇಲೆ ಫೋನ್ ಮಾಡಿದ. ರಿಂಗಾಯಿತೇ ಹೊರತು ಅವನು ಎತ್ತಲಿಲ್ಲ. ಹಿಂದೆಯೇ ದುರ್ಗಾಳ ಗಂಡ ದತ್ತು ಬಂದ.

"ಯಾಕ್ರಿ ಗುರಣ್ಣ, ಮಾರಿ ಬೂದಿ ಆಗೇದ?"

"ಕಾಯಿನ್ ವಾಲೆಟ್ಟಿಂದು ಸ್ವಲ್ಪ ತ್ರಾಸ ಅದ."

"ಅಷ್ಟೇನು? ನೆಟ್ ಮ್ಯಾಲ ಹೆಲ್ಪ್‌ಲೈನ್ ಅದ, ನೋಡ್ರಿ. ಎಲ್ಲಾಕ್ಕಿಂತ ಮ್ಯಾಲ ಇದ ಬಂದದ." ಕೇಳುವ ಮೊದಲೇ ದತ್ತು ನಂಬರ್ ಒತ್ತಿ ಫೋನನ್ನು ಗುರಣ್ಣನ ಕಿವಿಗಿಟ್ಟ.

ಅತ್ತಲಿಂದ ಬೆಲ್ಲದಂಥ ಹಿಂದಿ ಹರಿಯಿತು. ಗುರಣ್ಣ ದತ್ತುವಿಗೆ ಬೆನ್ನು ಮಾಡಿ, ಪದಗಳು ಬಯಲಾದವು ಎಂದು ಪಿಸುಗುಟ್ಟಿದ. ಆ ಮನುಷ್ಯ ಗಾಬರಿಗೊಂಡ. "ಸರ್, ದಯವಿಟ್ಟು ಆ ಪದ ನನಗೂ ಹೇಳಬೇಡಿ! ಯಾರಿಗೂ ಹೇಳಬೇಡಿ!" ಗುರಣ್ಣನ ಕಣ್ಣು ತುಂಬಿ ಬಂತು. ಇಂಥ ಪ್ರಾಮಾಣಿಕರೂ ಇದ್ದಾರೆ! "ಕಳ್ಳ ಬರುವ ಮೊದಲು ಎಲ್ಲವನ್ನೂ ನಮ್ಮ ಭದ್ರ ಖಾತೆಗೆ ಸಾಗಿಸಿ ಸರ್. ವಿಳಾಸ ಇದೇ ಫೋನಿಗೆ ಕಳಿಸಿದ್ದೇನೆ."

ಗುರಣ್ಣ ತನ್ನ ವಾಲೆಟ್ ತೆರೆದು ಎಲ್ಲವನ್ನೂ ಆ ವಿಳಾಸಕ್ಕೆ ಸಾಗಿಸಿದ. ಆಮೇಲೆ ಕೈ ತೊಳೆದು, ಮತ್ತೆ ಎಲೆಯ ಮುಂದೆ ಕೂತು, ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡ.

ತುಪ್ಪ ಇಂಗುವ ಮೊದಲೇ ಮಧುಕರ್ ಬಂದ. ನಿದ್ದೆಯಿಂದ ಎದ್ದ ಕೂದಲು ಇನ್ನೂ ನಿಂತೇ ಇತ್ತು.

"ಗುರಣ್ಣ, ಇಷ್ಟೊಂದು ಮಿಸ್ಡ್ ಕಾಲ್! ಏನಾಯ್ತು?"

ಗುರಣ್ಣ ಅವನನ್ನು ಮೂಲೆಗೆ ಎಳೆದು, ಹೆಮ್ಮೆಯಿಂದಲೇ ಎಲ್ಲ ಹೇಳಿದ. ಮಧುಕರ್ ಗೋಡೆಗೆ ಒರಗಿದ.

"ಹೆಲ್ಪ್‌ಲೈನಾ? ಬಿಟ್‌ಕಾಯಿನ್‌ಗೆ ಎಲ್ಲಿಂದ ಬಂತು ಹೆಲ್ಪ್‌ಲೈನು? ನೀವಾಗೇ ಕೈಯೆತ್ತಿ ಕೊಟ್ಟ ಮೇಲೆ ಅವನಿಗೆ ಪದ ಯಾಕೆ ಬೇಕು?" ಫೋನ್ ತೆರೆದು ತೋರಿಸಿದ. "ನೋಡಿ, ನಿಮ್ಮ ಕಾಯಿನ್ ಇಲ್ಲಿಂದ ಇಲ್ಲಿಗೆ ಹೋಗಿದೆ. ಈ ನೆಟ್‌ವರ್ಕ್‌ನಲ್ಲಿ ಎಲ್ಲಾ ಲೆಕ್ಕ ಎಲ್ಲರಿಗೂ ಕಾಣುತ್ತೆ. ವಾಪಸ್ ಎಳೆಯೋಕೆ ಮಾತ್ರ ಆಗಲ್ಲ. ನಡೀರಿ, ಸೈಬರ್ ಪೊಲೀಸಿಗೆ ಕಂಪ್ಲೇಂಟ್ ಕೊಡೋಣ. ಸಿಕ್ಕೇ ಸಿಗುತ್ತೆ ಅಂತ ಮಾತ್ರ ನಾನು ಹೇಳಲ್ಲ."

ಗುರಣ್ಣನ ದುಡ್ಡು ಹೋಗಿತ್ತು. ಸಿಟ್ಟು ಮಾತ್ರ ಉಳಿದಿತ್ತು. ಹೆಂಗಸರ ನಡುವೆಯೇ ಹೋಗಿ ನಿಂತ.

"ಏ ಸಾವಿತ್ರಿ! ನಿನ್ನ ಒಡಪಿನ ಸಲುವಾಗಿ ಶಿರೂರಿನ ಜಾಗಾ ಹೋತಲ್ಲ! ಹನ್ನೆರಡೂ ಪದ ಮಂದಿ ಮುಂದ ಒದರಿದಿ!"

"ಹನ್ನೆರಡೂ ಎಲ್ಲಿ ಹೇಳೀನ್ರಿ?" ಸಾವಿತ್ರಿಬಾಯಿ ಕಣ್ಣರಳಿಸಿದಳು. "ಆಖರಿ ಮೂರು ನಾನು ಮನಸಿಲೆ ಹಚ್ಚಿದ್ದು."

ಮಧುಕರ್ ಮುಂದೆ ಬಂದ. "ಅಕ್ಕಾ, ಗೋಲ್ಡ್, ಹೀರೋ, ಟೈಗರ್ ಅಲ್ವಾ?"

"ಛೇ, ಅಲ್ಲಪ್ಪಾ. ಖರೇದವು ಅಗ್ಲಿ, ಲೇಜಿ, ಡಾಂಕಿ. ನಾಕ ಮಂದಿ ಮುಂದ ಗಂಡಗ ಹಂಗ ಅನ್ನಾಕ ಬರ್ತದೇನು? ಒಡಪಿನ್ಯಾಗ ಗಂಡನ ಬಗ್ಗೆ ಯಾವಾಕಿ ಖರೇ ಹೇಳ್ತಾಳ?"

ಮಧುಕರ್ ಮೆಲ್ಲಗೆ ಹೇಳಿದ: "ಗುರಣ್ಣ, ಹಾಗಾದ್ರೆ ಆ ವಿಡಿಯೋದಿಂದ ಯಾರಿಗೂ ವಾಲೆಟ್ ತೆಗೆಯೋಕೆ ಆಗ್ತಿರಲಿಲ್ಲ. ನೀವು ಊಟ ಮುಗಿಸಿದ್ದಿದ್ರೆ ಸಾಕಿತ್ತು."

ಸಾವಿತ್ರಿಬಾಯಿ ಗಂಡನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಆಮೇಲೆ ಮಧುಕರನತ್ತ ತಿರುಗಿದಳು.

"ತಮ್ಮಾ, ಆ ವಾಲೆಟ್ಟಿನ್ಯಾಗ ಈಗ ಏನೂ ಇಲ್ಲ ಹೌದಲ್ಲೋ?"

"ಏನೂ ಇಲ್ಲ ಅಕ್ಕಾ."

"ಅಂದ್ರ ಆ ಪದ ಈಗ ಯಾರು ಕೇಳಿದ್ರೂ ನಡೀತದ?"

"ನಡೆಯುತ್ತೆ."

ಸಾವಿತ್ರಿಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

"ದುರ್ಗಾ, ಫೋನ್ ಹಿಡಿ. ಇನ್ನೊಮ್ಮೆ ಹೇಳ್ತೀನಿ."