ನಾಲ್ಕನೇ ಮನೆಯ ಮುಂದಿನ ಸೊನ್ನೆ

ಆ ಶನಿವಾರ ಪರಮಾನಂದ ಮಾಸ್ತರ ನಸುಕಿನಲ್ಲೇ ಎದ್ದು, ತಾನಿದ್ದ ಓಣಿಯ ಸಿಮೆಂಟು ರಸ್ತೆಯ ಮೇಲೆ ಸುಣ್ಣದ ಪುಡಿಯಿಂದ ಒಂದು ಉದ್ದನೆಯ ಗೆರೆ ಎಳೆದ. ಅವನ ಕೆಡುಗಾಲ ಶುರುವಾದದ್ದು ಆ ಗೆರೆಯಿಂದ.

ಗೆರೆಗೊಂದು ಕಾರಣವಿತ್ತು. ಅವನ ಹೆಂಡತಿ ರಾಧಿಕಾ ಜಮಖಂಡಿಯ ದವಾಖಾನೆಯೊಂದರಲ್ಲಿ ನರ್ಸು. ಅವನು ಅನಗವಾಡಿಯಲ್ಲಿ ಗಣಿತದ ಮಾಸ್ತರ. ಮದುವೆಯಾಗಿ ಎರಡು ವರ್ಷವಾಗಿದ್ದರೂ ಗಂಡಹೆಂಡಿರು ಒಂದೇ ಸೂರಿನಡಿ ಇರುತ್ತಿದ್ದದ್ದು ಭಾನುವಾರ ಮಾತ್ರ, ಅದರಲ್ಲೂ ಅರ್ಧ ಭಾನುವಾರವನ್ನು ಬಸ್ಸು ತಿಂದುಹಾಕುತ್ತಿತ್ತು. ಈಗ ಜಮಖಂಡಿಯ ತರಬೇತಿ ಕೇಂದ್ರದಲ್ಲಿ ಗಣಿತದವರಿಗೆ ಒಂದು ಜಾಗ ಖಾಲಿಯಾಗಿತ್ತು. ಶಾಲೆಯ ಹೊರಗೆ, ಜನರ ನಡುವೆ ಯಾರು ಚೆನ್ನಾಗಿ ಗಣಿತ ಮಾಡಿ ತೋರಿಸುತ್ತಾರೋ ಅವರಿಗೆ ಆ ಜಾಗ ಎಂದು ಆದೇಶ ಬಂದಿತ್ತು. ನೋಡಲು ಬೀಳಗಿಯಿಂದ ಶಿಕ್ಷಣ ಇಲಾಖೆಯ ರೇಷ್ಮಾ ಮೇಡಂ ಮಧ್ಯಾಹ್ನ ಮೂರಕ್ಕೆ ಬರುವವರಿದ್ದರು. ರಾಧಿಕಾ ಆಗಲೇ ಇಬ್ಬರಿಗೆ ಸಾಲುವಂಥ ಮನೆ ಹುಡುಕಿ ಇಟ್ಟಿದ್ದಳು.

ಪರಮಾನಂದ ಆರಿಸಿಕೊಂಡ ಪಾಠ ಏಳನೇ ಇಯತ್ತೆಯ ಅಸಮತೆ. ಓಣಿಯಲ್ಲಿ ಒಂದೇ ಸಾಲಿಗೆ ಹತ್ತು ಮನೆಗಳು. ಪ್ರತಿ ಬಾಗಿಲ ಮುಂದೆ ಗೆರೆಯ ಮೇಲೆ ಒಂದು, ಎರಡು, ಮೂರು ಎಂದು ಹತ್ತರವರೆಗೆ ಬರೆದ. ಸಂಖ್ಯಾರೇಖೆ ತಯಾರಾಯಿತು. ಕಟ್ಟೆಯ ಮೇಲೆ ಕರಿಹಲಗೆ ಆನಿಸಿ x + 3 > 7 ಎಂದು ಲೆಕ್ಕ ಬರೆದ. ಎರಡೂ ಕಡೆಯಿಂದ ಮೂರು ಕಳೆದರೆ x > 4. ನಾಲ್ಕಕ್ಕಿಂತ ದೊಡ್ಡವೆಲ್ಲ ಉತ್ತರದಲ್ಲಿ ಬರುತ್ತವೆ, ನಾಲ್ಕು ಮಾತ್ರ ಬರುವುದಿಲ್ಲ. ಆದ್ದರಿಂದ ನಾಲ್ಕನೇ ಮನೆಯ ಮುಂದೆ ಒಳಗೆ ಖಾಲಿ ಬಿಟ್ಟ ಒಂದು ಸೊನ್ನೆ ಬರೆದು, ಅಲ್ಲಿಂದ ಹತ್ತನೇ ಮನೆಯ ಆಚೆಗೆ ಹೋಗುವಂತೆ ಬಾಣ ಹಾಕಿದ. ದೂರ ನಿಂತು ನೋಡಿದಾಗ ಅವನಿಗೇ ಅಭಿಮಾನವೆನಿಸಿತು.

ಆದರೆ ಅವನು ನೆಲದ ಗುಣ ಮರೆತಿದ್ದ. ಅದು ಹೊಳೆ ದಂಡೆಯ ಊರು. ಅಣೆಕಟ್ಟಿನ ಹಿನ್ನೀರು ಎಲ್ಲಿಯವರೆಗೆ ಬಂದೀತು ಎಂದು ಅಳೆಯಲು ಟೇಪು, ಬಣ್ಣದ ಡಬ್ಬಿ ಹಿಡಿದು ಜನ ಬರುವುದು, ಗೆರೆ ಎಳೆಯುವುದು, ನಂಬರು ಬರೆಯುವುದು, ಏನೂ ಹೇಳದೆ ಹೋಗುವುದು ಅಲ್ಲಿ ಅಜ್ಜನ ಕಾಲದಿಂದ ನಡೆದುಬಂದಿತ್ತು. ಗೆರೆಯೊಳಗೆ ಬಂದವರಿಗೆ ಎತ್ತರದ ಜಾಗದಲ್ಲಿ ಹೊಸ ಊರು. ಬಾರದವರಿಗೆ ಹಳೇ ಮನೆ ಮತ್ತು ಮಳೆಗಾಲಕ್ಕೊಮ್ಮೆ ಹಿತ್ತಲಿಗೆ ಬರುವ ಹಾವು. ಅಲ್ಲಿಯ ಮಕ್ಕಳು ಅಕ್ಷರಕ್ಕಿಂತ ಮೊದಲು ಗೋಡೆಯ ಮೇಲಿನ ನಂಬರು ಓದಲು ಕಲಿಯುತ್ತಿದ್ದವು.

ಗೆರೆಯನ್ನು ಮೊದಲು ಕಂಡವನು ನಾಲ್ಕನೇ ಮನೆಯ ಗಿರಿಮಲ್ಲಪ್ಪ. ಬೇವಿನ ಕಡ್ಡಿ ಕಚ್ಚಿಕೊಂಡೇ ಸೊನ್ನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಇದರೊಳಗೆ ಯಾಕೆ ಏನೂ ಇಲ್ಲ ಎಂದು ಬಹಳ ಮರ್ಯಾದೆಯಿಂದ ಕೇಳಿದ. ದೊಡ್ಡವರೊಬ್ಬರು ಗಣಿತದ ಸಂಶಯ ಕೇಳಿದ್ದು ಪರಮಾನಂದನ ನೌಕರಿಯಲ್ಲಿ ಅದೇ ಮೊದಲು. ಅವನು ಹಿಗ್ಗಿನಿಂದಲೇ ಹೇಳಿದ: “ಖಾಲಿ ಅಂದ್ರ ನಾಲ್ಕು ಇದರಾಗ ಬರಂಗಿಲ್ಲರಿ. ಐದರಿಂದ ಮುಂದ ಎಲ್ಲಾ ಬರ್ತಾವು.”

ಗಿರಿಮಲ್ಲಪ್ಪನ ಬಾಯಲ್ಲಿ ಬೇವಿನ ಕಡ್ಡಿ ಅಲ್ಲಾಡುವುದು ನಿಂತಿತು. ಐದನೇ ಮನೆ ಅವನ ತಮ್ಮ ಪಾಂಡಪ್ಪನದು. ಎಂಟು ವರ್ಷದ ಹಿಂದೆ ಪಾಲಾದ ಮೇಲೆ ಅಣ್ಣತಮ್ಮಂದಿರ ನಡುವೆ ಉಳಿದದ್ದು ಒಂದು ಗೋಡೆ ಮಾತ್ರ, ಮಾತೂ ಉಳಿದಿರಲಿಲ್ಲ.

“ನಮ್ಮಿಬ್ಬರಿಗೂ ಒಂದ ಗ್ವಾಡಿ ಐತ್ರಿ ಮಾಸ್ತರ,” ಎಂದ ಗಿರಿಮಲ್ಲಪ್ಪ. “ಅದರದು ಆ ಮಗ್ಗಲಾ ಮುಳುಗಿ, ಈ ಮಗ್ಗಲಾ ಹೆಂಗ ಒಣಗಿರ್ತೈತ್ರಿ?”

ಮಾಸ್ತರನಿಗೆ ಈ ಮಾತಿನ ತಲೆಬುಡ ತಿಳಿಯಲಿಲ್ಲ. ಶನಿವಾರದ ಬೆಳಗಿನ ಶಾಲೆಗೆ ಹೊತ್ತಾಗಿತ್ತು. ನಕ್ಕು, ಸೈಕಲ್ ಹತ್ತಿ ಹೋದ.

ಹನ್ನೊಂದೂವರೆಗೆ ಹೊರಳಿ ಬಂದಾಗ ಸೊನ್ನೆ ತುಂಬಿತ್ತು. ಯಾರೋ ಒಂದು ಗಡಿಗೆ ಸುಣ್ಣ ಕಲಸಿ ಸುರಿದು, ಜೋಳದ ರೊಟ್ಟಿಯಷ್ಟು ದಪ್ಪಗೆ ಬಡಿದಿದ್ದರು. ಪಕ್ಕದಲ್ಲೇ ಗಿರಿಮಲ್ಲಪ್ಪ ಬಡಿಗೆ ಹಿಡಿದು ಕೂತಿದ್ದ. ಓಣಿಯ ಜನವೆಲ್ಲ ತಮ್ಮ ತಮ್ಮ ನಂಬರಿನ ಮೇಲೆ ನಿಂತಿದ್ದರು. ಆಗ ಮಾಸ್ತರನಿಗೆ ಬೆಳಗಿನ ಗೋಡೆಯ ಮಾತು ತಿಳಿಯಿತು.

ಇದು ಮುಳುಗಡೆ ಸರ್ವೆ ಅಲ್ಲ, ಏಳನೇ ಇಯತ್ತೆಯ ಲೆಕ್ಕ ಎಂದು ಅವನು ದೇವರ ಮೇಲೆ ಆಣೆ ಮಾಡಿ ಹೇಳಿದ. ಜನ ಕನಿಕರದಿಂದ ಕೇಳಿಸಿಕೊಂಡರು. ಒಂದನೇ ಮನೆಯ ಚನಮಲ್ಲಪ್ಪ ಹಿಂದೊಮ್ಮೆ ಪಂಚಾಯ್ತಿ ಮೆಂಬರಾಗಿದ್ದವನು, ಸರಕಾರದ ಬಾಯಿ ಬಲ್ಲವನು. ಹೋದ ಸಲ ಅಳೆಯಲು ಬಂದವರೂ ಸುಮ್ಮನೆ ರಸ್ತೆ ಅಳೆಯುತ್ತಿದ್ದೇವೆ ಎಂದೇ ಹೇಳಿದ್ದರೆಂದು ಅವನು ಎಲ್ಲರಿಗೂ ನೆನಪು ಮಾಡಿಕೊಟ್ಟ. ಹಲಗೆಯ ಮೇಲಿನ ಎಕ್ಸ್ ಯಾರು ಎಂದೂ ವಿಚಾರಿಸಿದ. ಅದು ಇನ್ನೂ ಗೊತ್ತಿಲ್ಲದ ಸಂಖ್ಯೆ ಎಂದು ಮಾಸ್ತರ ಹೇಳಿದ. ಗೊತ್ತಿಲ್ಲದ ಮೇಲೆ ಬಾಣ ಹೇಗೆ ಹಾಕಿದಿರಿ ಎಂದು ಚನಮಲ್ಲಪ್ಪ ಕೇಳಿದಾಗ ಓಣಿ ತಲೆದೂಗಿತು. ಮಾಸ್ತರ ಅಲ್ಲವೆಂದಷ್ಟೂ ಅವರಿಗೆ ಹೌದೆನ್ನುವುದು ಗಟ್ಟಿಯಾಯಿತು.

ಸುಣ್ಣ ಸಿಮೆಂಟಿಗೆ ಕಚ್ಚಿತ್ತು, ಕೆರೆದರೂ ಹೋಗುವಂತಿರಲಿಲ್ಲ. ಮೇಡಂ ಬರಲು ಮೂರೂವರೆ ತಾಸು. ಸೊನ್ನೆ ಬದಲಾಗದಿದ್ದರೆ ಲೆಕ್ಕ ಬದಲಾಗಲಿ ಎಂದು ಪರಮಾನಂದ ಹಲಗೆಯ ಮೇಲೆ ದೊಡ್ಡದು ಎನ್ನುವ ಗುರುತಿನ ಕೆಳಗೆ ಒಂದು ಅಡ್ಡಗೆರೆ ಎಳೆದ. x + 3 ≥ 7. ಈಗ ನಾಲ್ಕೂ ಸೇರಿತು, ತುಂಬಿದ ಸೊನ್ನೆಯೂ ಸರಿಹೋಯಿತು. ಗಿರಿಮಲ್ಲಪ್ಪ ಬಡಿಗೆ ಕೆಳಗಿಟ್ಟ.

ಅಷ್ಟರಲ್ಲಿ ಮೂರನೇ ಮನೆಯ ಸಾತವ್ವ ರೊಟ್ಟಿ, ಜುಣಕ ತಂದು ಮುಂದಿಟ್ಟಳು. ಪರಮಾನಂದ ಬಾಡಿಗೆಗಿದ್ದದ್ದು ಅವಳ ಪಡಸಾಲೆಯ ಕೋಣೆಯಲ್ಲೇ. ಅವನು ಮೊದಲ ತುತ್ತು ಮುರಿದ ಮೇಲೆ ಮುದುಕಿ ಮಾತು ತೆಗೆದಳು.

“ನಾಲ್ಕನೇದಾಂವ ಒಂದು ಗಡಿಗಿ ಸುಣ್ಣ ಸುರುವಿದ್ರ ಒಳಗ ಬಂದ. ನಾ ನಿನಗ ಎರಡು ವರ್ಸ ರೊಟ್ಟಿ ಬಡದೇನಿ ತಮ್ಮಾ. ಇವರೆಲ್ಲಾ ಮ್ಯಾಲಿನ ಊರಿಗೆ ಹ್ವಾದ್ರ, ನಾ ಇಲ್ಲಿ ಯಾರ ಮಾರಿ ನೋಡ್ಕೋತ ಕುಂದರ್ಲಿ?”

ಮುರಿದ ತುತ್ತನ್ನು ಪರಮಾನಂದ ತಟ್ಟೆಯಲ್ಲೇ ಇಟ್ಟ. ಒಬ್ಬರೇ ಉಣ್ಣುವ ಬೇಸರ ಅವನಿಗೂ ಗೊತ್ತಿತ್ತು. ಎದ್ದು ಮೂರನ್ನು ಒರೆಸಿ ನಾಲ್ಕು ಬರೆದ: x + 4 ≥ 7. ಮೂರನೇ ಮನೆಯ ಮುಂದೆ ಹೊಸದೊಂದು ತುಂಬಿದ ಸೊನ್ನೆ ಬಂತು, ನಾಲ್ಕನೆಯದು ಗೆರೆಯೊಳಗೇ ಸೇರಿತು. ಆದರೆ ಸಾತವ್ವ ಸುಮ್ಮನೆ ನಂಬುವವಳಲ್ಲ. ಹೇಗೆ ಬಂತೆಂದು ಬಿಡಿಸಿ ಕೇಳಿದಳು. ಎರಡೂ ಕಡೆಯಿಂದ ನಾಲ್ಕು ಕಳೆದರೆ ಈ ಕಡೆ ಎಕ್ಸ್, ಆ ಕಡೆ ಮೂರು ಉಳಿಯುತ್ತದೆ ಎಂದು ಅವನು ಹೇಳಿದ. ನಲವತ್ತು ವರ್ಷ ಬೀಳಗಿಯ ಸಂತೆಯಲ್ಲಿ ಉಳ್ಳಾಗಡ್ಡಿ ತೂಗಿದ ಕೈ ಅವಳದು.

“ತಕ್ಕಡಿ ಇದ್ದಂಗ ಅನ್ನು. ಈ ಪರಡ್ಯಾಗಿಂದ ಎಷ್ಟು ತಗದಿ, ಆ ಪರಡ್ಯಾಗಿಂದನೂ ಅಷ್ಟ ತಗೀಬೇಕು. ವಾಲಿದ್ದು ವಾಲಿದಂಗ ಇರ್ತೈತಿ.”

ಹನ್ನೊಂದು ವರ್ಷದ ನೌಕರಿಯಲ್ಲಿ ಒಂದು ಮಗುವೂ ಇಷ್ಟು ಸರಿಯಾಗಿ ಹೇಳಿರಲಿಲ್ಲ ಎಂದು ಪರಮಾನಂದನಿಗೆ ಅನಿಸಿತು.

ಮೂರನೆಯದು ಬಂದ ಮೇಲೆ ಎರಡು, ಒಂದು ಏನು ಪಾಪ ಮಾಡಿದ್ದವು? ಒಂದೂವರೆ ಆಗುವುದರೊಳಗೆ ಹಲಗೆಯ ಮೇಲೆ x + 6 ≥ 7 ಇತ್ತು, ಸೊನ್ನೆ ಚನಮಲ್ಲಪ್ಪನ ಬಾಗಿಲಿಗೆ ಬಂದು ಮುಟ್ಟಿತ್ತು. ಇನ್ನು ಓಣಿಯಲ್ಲಿ ಹೊರಗುಳಿದವರು ಯಾರೂ ಇಲ್ಲ ಎಂದು ಮಾಸ್ತರ ಕಟ್ಟೆಗೆ ಬೆನ್ನು ಕೊಟ್ಟ.

ಹೊರಗುಳಿಯಬೇಕೆನ್ನುವವರು ಇರಬಹುದೆಂದು ಅವನಿಗೆ ಹೊಳೆದಿರಲಿಲ್ಲ. ಹತ್ತನೇ ಮನೆಯ ಬಾಳಾಸಾಹೇಬ ಆರು ತಿಂಗಳ ಹಿಂದಷ್ಟೇ ಎರಡಂತಸ್ತಿನ ಮನೆ ಕಟ್ಟಿ, ಮುಂಗೋಡೆಗೆ ನವಿಲಿನ ಚಿತ್ರದ ಟೈಲ್ಸ್ ಹಚ್ಚಿಸಿದ್ದ. ಆ ನವಿಲನ್ನು ಮೀನಿಗೆ ತೋರಿಸಲು ಅವನು ತಯಾರಿರಲಿಲ್ಲ. ತನ್ನ ಬಾಗಿಲು ದಾಟಿ ಹೋದ ಬಾಣವನ್ನು ತೆಗೆಯಬೇಕೆಂದ. ಸಂಖ್ಯೆಗಳಿಗೆ ಕೊನೆಯಿಲ್ಲ, ಅದಕ್ಕೇ ಬಾಣ ಎಂದು ಮಾಸ್ತರ ತಿಳಿಹೇಳಿದ. ತನ್ನ ಸಮಾಧಾನಕ್ಕೆ ಕೊನೆ ಇದೆಯೆಂದೂ, ಇಬ್ಬರು ಗಂಡುಮಕ್ಕಳು ಕಸಬರಿಗೆ ಹಿಡಿದು ನಿಂತಿದ್ದಾರೆಂದೂ ಬಾಳಾಸಾಹೇಬ ಹೇಳಿದ. ಗಂಟೆ ಎರಡೂಕಾಲು. ಇಡೀ ಗೆರೆಯೇ ಗುಡಿಸಿಹೋದರೆ ಅದರ ಜೊತೆ ಜಮಖಂಡಿಯೂ ಹೋಗುವುದಿತ್ತು.

ಪರಮಾನಂದ ಹಲಗೆಯ ಮೇಲೆ ಎರಡನೇ ಲೆಕ್ಕ ಬರೆದ: x − 2 < 8. ಎರಡೂ ಕಡೆ ಎರಡು ಕೂಡಿಸಿದರೆ x < 10. ಹತ್ತನೇ ಮನೆಯ ಮುಂದೆ ಖಾಲಿ ಸೊನ್ನೆ ಬರೆದು ಬಾಣ ಒರೆಸಿದ. ಬಾಳಾಸಾಹೇಬ ಬಗ್ಗಿ ಸೊನ್ನೆಯ ಹೊಟ್ಟೆಯೊಳಗೆ ಬೆರಳಾಡಿಸಿ, ಹತ್ತು ಬರುವುದಿಲ್ಲ ತಾನೇ ಎಂದು ಮೂರು ಸಲ ಕೇಳಿದ. ಆಮೇಲೆ ಯಾರೂ ಅದನ್ನು ತುಂಬದಂತೆ ಮಕ್ಕಳನ್ನು ಕಾವಲಿಗೆ ಹಾಕಿದ.

ಮೂರಕ್ಕೆ ಸರಿಯಾಗಿ ಜೀಪು ಬಂತು. ಉತ್ತರ ಹೇಳಲು ಪರಮಾನಂದ ತಯಾರು ಮಾಡಿದ್ದ ಏಳನೇ ಇಯತ್ತೆಯ ಮಕ್ಕಳನ್ನು ಹಿರಿಯರು ಆಗಲೇ ಗದರಿಸಿ ಮನೆಗೆ ಅಟ್ಟಿದ್ದರು. ಪ್ರತಿ ನಂಬರಿನ ಮೇಲೆ ಆಯಾ ಮನೆಯ ಯಜಮಾನ, ಕೈಯಲ್ಲಿ ಮನೆಯ ಉತಾರ ಪತ್ರ, ಆಧಾರ್ ಕಾರ್ಡು. ನಿಜ ಹೇಳಿದರೆ ಮೇಡಂ ಬಂದ ದಾರಿಗೆ ಸುಂಕವಿಲ್ಲವೆಂದು ಹೋಗುತ್ತಾರೆ, ಹೇಳದಿದ್ದರೆ ಜನ ಅವರನ್ನೇ ಸರ್ವೆ ಸಾಹೇಬರೆಂದು ಹಿಡಿದುಕೊಳ್ಳುತ್ತಾರೆ. ಪರಮಾನಂದ ರಾಧಿಕಾಳನ್ನು ನೆನೆದು ಬಾಯಿ ಮುಚ್ಚಿಕೊಂಡ.

ಮೇಡಂ ಕೇಳಿದ ಮೊದಲ ಪ್ರಶ್ನೆಗೆ ಸಾತವ್ವ ತಕ್ಕಡಿಯ ಮಾತು ಹೇಳಿದಳು. ತುಂಬಿದ ಸೊನ್ನೆಗೂ ಖಾಲಿ ಸೊನ್ನೆಗೂ ಏನು ಫರಕು ಎಂದಾಗ ಗಿರಿಮಲ್ಲಪ್ಪ, ತುಂಬಿದ್ದಾದರೆ ಆ ನಂಬರು ಸೇರಿತು, ಖಾಲಿಯಾದರೆ ಸೇರಲಿಲ್ಲ ಎಂದು ಬಡಿಗೆ ಊರಿ ಹೇಳಿದ. ಪಾಂಡಪ್ಪ ಎಂಟು ವರ್ಷದಲ್ಲಿ ಮೊದಲ ಸಲ ಅಣ್ಣನ ಮಾತಿಗೆ ಹೂಂಗುಟ್ಟಿದ. ಹತ್ತು ಯಾಕೆ ಬರುವುದಿಲ್ಲ ಎಂಬುದನ್ನು ಬಾಳಾಸಾಹೇಬ ಎರಡು ಕೂಡಿಸಿ ತೋರಿಸಿದ, ಯಾರಾದರೂ ಅನುಮಾನಪಟ್ಟಾರೆಂದು ಇನ್ನೊಮ್ಮೆ ತೋರಿಸಿದ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟು ಶಾಲೆ ತಿರುಗಿದರೂ ಗಣಿತವನ್ನು ಹೀಗೆ ಜೀವಕ್ಕೆ ಹಚ್ಚಿಕೊಂಡವರನ್ನು ತಾವು ನೋಡಿಲ್ಲ ಎಂದರು. ಪರಮಾನಂದನ ಕಣ್ಣ ಮುಂದೆ ಜಮಖಂಡಿಯ ಮನೆ, ಸಂಜೆ ಚಹದ ಎರಡು ಕಪ್ಪು ತೇಲಿಬಂದವು.

ಆಗ ಚನಮಲ್ಲಪ್ಪ ಮುಂದೆ ಬಂದು ಒಂದು ಅರ್ಜಿ ಕೊಟ್ಟ. ಹತ್ತೂ ಮನೆಯವರ ಸಹಿ, ಹೆಬ್ಬೆಟ್ಟು ಅದರಲ್ಲಿದ್ದವು. ಆ ಓಣಿ ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯಕ್ಕೆ: ಈ ಮಾಸ್ತರರನ್ನು ನಮ್ಮೂರಿಂದ ಕದಲಿಸಬಾರದು. ಇವನು ಹೋಗಿ ಇನ್ನೊಬ್ಬ ಬಂದರೆ ಸೊನ್ನೆಗಳನ್ನು ಎಲ್ಲಿಗೆ ಸರಿಸುತ್ತಾನೋ ಎಂಬುದು ಅವರ ಒಳಗಿನ ಹೆದರಿಕೆ, ಅದನ್ನು ಅರ್ಜಿಯಲ್ಲಿ ಬರೆದಿರಲಿಲ್ಲ.

ಮೇಡಂ ಎರಡು ಸಲ ಓದಿದರು.

“ನಿಮ್ಮನ್ನ ಜಮಖಂಡಿಗೆ ಕಳಸಬೇಕಂತನ ಬಂದಿದ್ದೆ, ಪರಮಾನಂದ ಅವರ. ಈಗ ಕಳಸಿದ್ರ ಈ ಜನರ ಶಾಪ ತಟ್ಟತೈತಿ. ಐದು ವರ್ಷ ನೀವು ಇಲ್ಲೇ ಇರ್ರಿ, ನಾ ಬರದು ಕೊಡ್ತೀನಿ. ನಿಮ್ಮಂಗ ಆ ಜಾಗಾ ಕೇಳಿದ್ದ ಜ್ಞಾನೇಶ್ವರ ಮಾಸ್ತರನ್ನ ಅಲ್ಲಿಗೆ ಕಳಸತೀನಿ. ಅವರು ಹೋದ್ರ ಅವರ ಸಾಲ್ಯಾಗ ಯಾರಿಗೂ ಗೊತ್ತೂ ಆಗಂಗಿಲ್ಲ.”

ಪರಮಾನಂದ ಆಗ ಎಲ್ಲ ನಿಜ ಹೇಳಿಬಿಟ್ಟ. ಇವರಿಗೆ ಗಣಿತ ಬೇಕಾಗಿಲ್ಲ, ಇದನ್ನು ಮುಳುಗಡೆ ಎಂದು ತಿಳಿದಿದ್ದಾರೆ ಎಂದು ಕೈಮುಗಿದು ಹೇಳಿದ. ಒಳ್ಳೆಯ ಮಾಸ್ತರರು ಯಾವಾಗಲೂ ಹೀಗೇ ಸಂಕೋಚಪಡುತ್ತಾರೆ ಎಂದು ಮೇಡಂ ನಕ್ಕು ಜೀಪು ಹತ್ತಿದರು.

ಸಂಜೆ ಅವನು ಹೆಂಡತಿಗೆ ಫೋನ್ ಹಚ್ಚಿ, ನಸುಕಿನ ಗೆರೆಯಿಂದ ಹಿಡಿದು ಐದು ವರ್ಷದವರೆಗೆ ಒಂದೂ ಬಿಡದೆ ಹೇಳಿದ. ಅವಳು ಅಳುತ್ತಾಳೆಂದು ಹೆದರಿದ. ತಪ್ಪಾಯಿತು ಎಂದ. ಹೇಗಾದರೂ ಮಾಡಿ ಬೇರೆ ದಾರಿ ನೋಡುತ್ತೇನೆ ಎಂದ. ರಾಧಿಕಾಳ ತವರೂ ಹೊಳೆ ದಂಡೆಯದೇ ಎಂಬುದು ಆ ಹೊತ್ತಿನಲ್ಲಿ ಅವನ ತಲೆಯಲ್ಲಿರಲಿಲ್ಲ.

ವಾರ್ಡಿನಲ್ಲಿ ಯಾರಿಗೂ ಕೇಳಿಸದಂತೆ ಅವಳು ದನಿ ತಗ್ಗಿಸಿದಳು. “ಅದಿರ್ಲಿ ಬಿಡ್ರಿ. ನನ್ನ ಮುಂದರ ಖರೆ ಹೇಳ್ರಿ. ನಮ್ಮಪ್ಪನ ಮನಿ ಗೆರಿಯೊಳಗ ಬರ್ತೈತೋ, ಇಲ್ಲೋ?”

ಪರಮಾನಂದ ಓಣಿಯ ಕಡೆ ನೋಡಿದ. ಆಮೇಲೆ ಕೇಳಿದ: “ಮನಿ ನಂಬರ್ ಎಷ್ಟು?”