ಮೂಗು ಯಾರ ಮನೆಯದು

ಫಕೀರವ್ವ: ಮೂಗಿನ ಹೊಳ್ಳಿ ನೋಡ್ರಿ ಬೀಗ್ತ್ಯಾರ, ಹೆಂಗ ಅರಳ್ತಾವ. ಸಿಟ್ಟು ಬಂದ್ರ ನಮ್ಮ ಯಜಮಾನರದೂ ಹಿಂಗ. ಅಪ್ಪಟ ಕೊರ್ಲಹಳ್ಳಿ ಮೂಗು.

ದೇವವ್ವ: ನಾಕು ದಿನದ ಕೂಸಿಗೆ ಎಂಥಾ ಸಿಟ್ಟವ್ವ? ಆ ಹೊಳ್ಳಿ ನಮ್ಮಪ್ಪಂದು.

ಅಡರಕಟ್ಟಿಯ ದೇವವ್ವನ ಮನೆ. ಎಂಟನೇ ತಿಂಗಳಿಗೇ ಅವಸರಪಟ್ಟು ಬಂದ ಮೊಮ್ಮಗ ಮೊರದ ತುಂಬ ಹತ್ತಿ ಹಾಸಿಕೊಂಡು ಮಲಗಿದ್ದ. ಅಷ್ಟು ಸಣ್ಣ ಕೂಸನ್ನು ಮುಟ್ಟಲೂ ದೇವವ್ವನಿಗೆ ಭಯ. ಆದರೆ ಕೊರ್ಲಹಳ್ಳಿಯಿಂದ ಬಂದ ಮಗಳ ಅತ್ತೆ ಫಕೀರವ್ವನ ಮುಂದೆ ಭಯ ತೋರಿಸಿದರೆ ಹೆರಿಗೆ ಕೆಟ್ಟಿತೆಂದು ತಾನೇ ಒಪ್ಪಿಕೊಂಡಂತೆ. ಅದಕ್ಕಿಂತ ಜಗಳವೇ ವಾಸಿ ಎನಿಸಿತ್ತು.

ಫಕೀರವ್ವ: ಉಸಿರಿಗೊಮ್ಮೆ ಹೂಂ ಅಂತೈತಿ, ಕೇಳ್ರಿ. ನಮ್ಮ ಮಾವ ಪಂಚಾಯ್ತಿಗೆ ಕುಂತ್ರ ಹಿಂಗ ಹೂಂಗುಟ್ಟತಿದ್ರು.

ದೇವವ್ವ: ಹೂಂ ನಿಮ್ಮದ ಇರಲಿ. ಅಂಗೈ ಹಿಡದು ನೋಡ್ರಿ, ನಾಡಿ ಹೆಂಗ ಪುಟಿತೈತಿ. ನಮ್ಮಣ್ಣ ಗರಡಿಮನಿ ಪೈಲ್ವಾನ.

ಫಕೀರವ್ವ: ಹಾಲು ಕುಡಿಯೂಮುಂದ ಹಣಿ ಬೆವರತೈತಲ್ಲ?

ದೇವವ್ವ: ಅದೂ ನಮ್ಮದ. ನಮ್ಮನ್ಯಾಗ ಉಣ್ಣೂದನ್ನೂ ದುಡದಂಗ ಉಣ್ತಾರ.

ಅಷ್ಟರಲ್ಲಿ ದೇವವ್ವನ ಗಂಡ ಉಡಚಪ್ಪ ಲಕ್ಷ್ಮೇಶ್ವರದಿಂದ ಡಾಕ್ಟರ್ ವಿಮಲಾಬಾಯಿಯವರನ್ನು ಚಕ್ಕಡಿಯಲ್ಲಿ ಕರೆತಂದ. ಅವರು ಕೂಸಿನ ಎದೆಗೆ ಕೊಳವೆ ಹಚ್ಚಿದರು, ಅಂಗೈ ಒತ್ತಿ ನೋಡಿದರು. ಮುಖ ಬಿಗಿಯಿತು.

ವಿಮಲಾಬಾಯಿ: ಮೂಗು ಅರಳೋದು, ಹೂಂ ಅಂತ ನರಳೋದು ಉಸಿರು ಸಾಲದ ಗುರುತು. ನಾಡಿ ಹಿಂಗ ಪುಟಿದ್ರ, ಹಾಲು ಕುಡಿಯೋವಾಗ ಬೆವತ್ರ, ಎದಿಯೊಳಗ ಹುಟ್ಟಿದ ಮ್ಯಾಲೆ ಮುಚ್ಚಬೇಕಾದ ರಕ್ತದ ದಾರಿ ಇನ್ನೂ ಮುಚ್ಚಿಲ್ಲ. ಇದನ್ನೆಲ್ಲಾ ಯಾರೂ ನೋಡಿಲ್ಲೇನು?

ಫಕೀರವ್ವ: ಮೂಗು ಅವರಪ್ಪಂದಂತ್ರಿ ಬಾಯಾರ.

ದೇವವ್ವ: ಅಪ್ಪಟ ಕೊರ್ಲಹಳ್ಳಿದು ಅಂದಾವ್ರು ನೀವ.

ವಿಮಲಾಬಾಯಿ: ಒಂದು ಗುರುತೂ ಬಿಟ್ಟಿಲ್ಲ ನೀವು. ಎಲ್ಲಾ ನೋಡೀರಿ, ಹಂಚಿಕೊಂಡೂ ಮುಗಿಸೀರಿ. ಏಳ್ರಿ, ಗದಗಿಗೆ ಒಯ್ಯೋಣ. ಆಕ್ಸಿಜನ್ ಬೇಕು.

ದೇವವ್ವ ಮೊರ ಎತ್ತಲು ಬಾಗಿದಳು.

ದೇವವ್ವ: ಹೊಳ್ಳಿ ನಿನ್ನೇನ ಕಂಡಿದ್ದೆ ಬೀಗ್ತ್ಯಾರ. ಅಂಜಿಕಿ ಬಂತು. ಅದಕ್ಕ ನಮ್ಮಪ್ಪನ್ನ ನಡುವ ತಂದೆ.

ಫಕೀರವ್ವ: ನಾನರ ಮತ್ತ್ಯಾಕ ಯಜಮಾನರನ್ನ ತಂದೆ? ಹತ್ರಿ ಚಕ್ಕಡಿ, ಮೊರ ನಾ ಹಿಡಿತೀನಿ.

ಗದಗಿನ ಆಸ್ಪತ್ರೆಯಲ್ಲಿ ಬಲ್ಬಿನ ಕಾವಿನ ಪೆಟ್ಟಿಗೆಯೊಳಗೆ ಕೂಸು ವಾರಗಟ್ಟಲೆ ಇತ್ತು. ಹೊರಗೆ ಬೀಗತಿಯರಿಬ್ಬರೂ ಒಂದೇ ಕಂಬಳಿಯ ಮೇಲೆ ಕುಳಿತು, ಯಾವ ಮನೆತನದ ಹೆಸರನ್ನೂ ಎತ್ತದೆ ದಿನ ನೂಕಿದರು. ಮನೆಗೆ ಮರಳಿದ ಮೇಲೆ ವಿಮಲಾಬಾಯಿ ಮತ್ತೆ ಬಂದು ನೋಡಿದರು.

ವಿಮಲಾಬಾಯಿ: ಉಸಿರು ಹಗುರ ಅದ. ಆ ದಾರಿ ಮುಚ್ಚೇದ, ಎದಿಯೊಳಗಿನ ಸಪ್ಪಳನೂ ಹೋಗೇದ.

ದೇವವ್ವ: ಈಗ ಯಾರ ಹಂಗ ಐತ್ರಿ?

ವಿಮಲಾಬಾಯಿ: ಯಾರ ಹಂಗೂ ಇಲ್ಲ. ಎಲ್ಲಾ ಕೂಸುಗಳ ಹಂಗ ಅದ.

ಇಬ್ಬರೂ ಕೈಮುಗಿದರು. ಅದೇ ಹೊತ್ತಿಗೆ ಕೂಸು ಸೀನಿತು. ಬೀಗತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ತಮ್ಮದೆನ್ನಲು ಯಾರಿಗೂ ಧೈರ್ಯವಾಗಲಿಲ್ಲ.

ಫಕೀರವ್ವ: ಇದು ರೋಗದ್ದೇನ್ರಿ ಬಾಯಾರ?

ವಿಮಲಾಬಾಯಿ: ಇಲ್ಲ, ಬರೀ ಸೀನು.

ಫಕೀರವ್ವ: ಖರೇನ?

ವಿಮಲಾಬಾಯಿ: ಖರೇನ.

ದೇವವ್ವ: ಹಂಗಾರ ಅದು ನಮ್ಮಪ್ಪಂದು.