ಕಂಬದ ಖುರ್ಚಿಯ ಕಾಳಗ

ತ್ರೇತೆಯಲ್ಲಿ ಸತಿಗಾಗಿ, ದ್ವಾಪರದಲ್ಲಿ ನೆಲಕ್ಕಾಗಿ ಕಾದಾಡಿ ದಣಿದ ಈ ಭರತಭೂಮಿಯು, ಕಲಿಯುಗದಲ್ಲಿ ಕಾದಾಡಲು ಘನವಾದ ಕಾರಣವೊಂದೂ ಸಿಗದೆ ಆಕಳಿಸುತ್ತಿದ್ದ ಹೊತ್ತಿನಲ್ಲಿ, ಖಣವಸ್ತ್ರಖ್ಯಾತವೂ ಮಗ್ಗನಿನಾದಮುಖರಿತವೂ ಆದ ಗುಳೇದಗುಡ್ಡವೆಂಬ ಪಟ್ಟಣದಲ್ಲಿ, ಒಂದು ಸಂಗೀತ ನಾಟಕಕ್ಕೆ ಎರಡನೆಯ ಭಾಗ ಬರಲಿದೆಯೆಂಬ ವಾರ್ತೆ ಹುಟ್ಟಿತು. ಹೇ ವಾಗ್ದೇವಿ, ವೀಣೆಯನ್ನು ಬದಿಗಿಡು. ಇಲ್ಲಿ ಜಗಳವಿರುವುದು ಹಾರ್ಮೋನಿಯಮ್ಮಿಗೂ ಕೀಬೋರ್ಡಿಗೂ. ಹಂಸವನ್ನು ಟೆಂಟಿನ ಹೊರಗೆ ಕಟ್ಟಿ, ಚಾಪೆಯ ಮೇಲೆ ಎಲ್ಲಾದರೂ ಜಾಗ ಮಾಡಿಕೊಂಡು ಕುಳಿತುಕೋ. ಖುರ್ಚಿಯ ಆಸೆ ಮಾತ್ರ ಬೇಡ. ಈ ಕಥೆಯಲ್ಲಿ ಕುಲ ಕುಲ ಕಾದಾಡುವುದು ಖುರ್ಚಿಗಾಗಿಯೇ.

ಆ ಪಟ್ಟಣದಲ್ಲಿ, ತಾಂಬೂಲರಸರಂಜಿತಶ್ವೇತಶ್ಮಶ್ರುಧಾರಿಯೂ, ಖಣದಂಗಡಿಯ ಗಾದಿಗೆ ಒರಗಿಕೊಂಡೇ ದಿಗ್ವಿಜಯ ಮಾಡತಕ್ಕವನೂ, ಮನೆಯಲ್ಲಿ ಹೆಂಡತಿಯೆದುರು ಕೆಮ್ಮಲು ಅಂಜಿದರೂ ನಾಟಕದ ಟೆಂಟಿನಲ್ಲಿ ಸಿಂಹದಂತೆ ಗರ್ಜಿಸತಕ್ಕವನೂ ಆದ ಸಂಗನಬಸಪ್ಪ ಉಂಕಿ ಎಂಬ ಮಹಾರಥಿಯಿದ್ದನು. ರಥವೆಂದರೆ ಕಂಬದ ಖುರ್ಚಿ. ಅವನ ತಂದೆಯ ಕಾಲದಲ್ಲಿ ಶ್ರೀ ಗಜಲಕ್ಷ್ಮೀ ನಾಟ್ಯಸಂಘದ ಪರದೆಗೆ ಬೆಂಕಿ ಬಿದ್ದಾಗ, ಆ ಪುಣ್ಯಾತ್ಮನು ಅಂಗಡಿಯ ಬಟ್ಟೆಯಲ್ಲಿಯೇ ಹೊಸ ಪರದೆ ಹೊಲಿಸಿಕೊಟ್ಟನಂತೆ. ಕಂಪನಿಯವರು ಅದಕ್ಕೆ ಪ್ರತಿಯಾಗಿ, ಈ ಊರಿನಲ್ಲಿ ಟೆಂಟು ಹಾಕಿದಾಗಲೆಲ್ಲ ಮುಂದಿನ ಕಂಬದ ಪಕ್ಕದಲ್ಲಿ ಉಂಕಿಯವರ ಮನೆತನಕ್ಕೆ ಕೈಯಿರುವ ಖುರ್ಚಿಯೊಂದನ್ನೂ, ಅದರ ಜೊತೆಗೆ ಒಂದು ಹಕ್ಕನ್ನೂ ದಯಪಾಲಿಸಿದರು: ಹೊಸ ನಾಟಕ ಬಂದರೆ ಮೊದಲ ‘ಒನ್ಸ್ ಮೋರ್’ ಆ ಖುರ್ಚಿಯಿಂದಲೇ ಹೊರಡಬೇಕು. ಅಲ್ಲಿಯತನಕ ಊರು ಬಾಯಿ ಬಿಡುವಂತಿಲ್ಲ. ಖುರ್ಚಿ ಗರ್ಜಿಸಿತೆಂದರೆ ಹಾಡಿದವರು ಮತ್ತೆ ಹಾಡಬೇಕು, ಸತ್ತವರು ಎದ್ದು ಇನ್ನೊಮ್ಮೆ ಸಾಯಬೇಕು. ಇದು ಸಂವಿಧಾನದಲ್ಲಿ ಬರೆದಿಲ್ಲ. ಆದರೆ ಅಲ್ಲಿ ಬರೆದಿರುವ ಯಾವುದನ್ನೂ ಊರು ಇಷ್ಟು ನಿಷ್ಠೆಯಿಂದ ಪಾಲಿಸಿದ್ದಿಲ್ಲ.

ಈ ಖುರ್ಚಿಯ ಮೇಲೆ ಕಣ್ಣಿಟ್ಟವನು ಹುಚ್ಚೇಶಪ್ಪ ಬರಗುಂಡಿ. ಸಿಮೆಂಟು ಕಬ್ಬಿಣಗಳ ಅಧಿಪತಿ, ಸಫಾರಿಸೂಟಾಲಂಕೃತ, ಸ್ವಪ್ರಶಂಸಾಶಾಸ್ತ್ರಪಾರಂಗತ. ತನ್ನ ಮಗಳನ್ನು ಸಂಗನಬಸಪ್ಪನ ಮಗನಿಗೆ ಕೊಟ್ಟು ಬೀಗನಾಗಿದ್ದನು. ‘ಹೆಣ್ಣು ಕೊಟ್ಟೀನಿ, ವಾರಕ್ಕೊಮ್ಮೆ ಖುರ್ಚಿ ಬಿಟ್ಟು ಕೊಡಬಾರದ?’ ಎಂಬುದು ಅವನ ಅಂತರಂಗದ ಹುಣ್ಣು. ಆದರೆ ಬೀಗತನವೆಂಬ ಕಟ್ಟು ಬಿಗಿಯಾಗಿತ್ತು. ಏಕವಚನದಲ್ಲಿ ಬೈಯುವ ಸುಖ ಇಬ್ಬರಿಗೂ ಇರಲಿಲ್ಲ. ಎಂಥ ವಿಷಬಾಣವಾದರೂ ‘ರೀ’ ಎಂಬ ಗರಿ ಕಟ್ಟಿಕೊಂಡೇ ಹಾರಬೇಕಾಗಿತ್ತು.

ಇನ್ನು ನಾಟಕದ ಮಹಿಮೆ. ಮೊದಲ ಭಾಗ ‘ಮುನಿಸಿಕೊಂಡ ಮುತ್ತೈದೆ’. ಗಂಡ ಸಂತೆಯಿಂದ ಮಲ್ಲಿಗೆ ತರಲು ಮರೆತನೆಂದು ಹೆಂಡತಿ ಮುನಿಸಿಕೊಂಡು ತವರಿಗೆ ಹೋಗುತ್ತಾಳೆ, ದಾರಿಯುದ್ದಕ್ಕೂ ಹಾಡುತ್ತಾಳೆ, ಕೊನೆಗೆ ತಿರುಗಿ ಬರುತ್ತಾಳೆ. ಎರಡನೆಯ ಭಾಗ ‘ಮತ್ತೆ ಮುನಿಸಿಕೊಂಡ ಮುತ್ತೈದೆ’. ಕಥೆ ಏನಿರಬಹುದೆಂದು ಊರಿನ ಪಂಡಿತರೆಲ್ಲ ತಲೆ ಕೆಡಿಸಿಕೊಂಡಿದ್ದರು. ಮೊದಲ ಭಾಗದಲ್ಲಿ ಮುತ್ತೈದೆಯಾಗಿ ಊರನ್ನೇ ಅಳಿಸಿದವಳು ಚಂಪಾಬಾಯಿ. ಈಗ ಆ ಪಾತ್ರ ರೇಷ್ಮಾ ಜಮಖಂಡಿ ಎಂಬ ಹೊಸ ನಟಿಗೆ ಹೋಗುವುದಂತೆ, ಕಾಲುಪೆಟ್ಟಿಗೆಯೆಂಬ ಹಾರ್ಮೋನಿಯಂ ಎತ್ತಿಟ್ಟು ಕೀಬೋರ್ಡ್ ತರುವರಂತೆ ಎಂಬ ಗಾಳಿಮಾತು ಗ್ಯಾನಪ್ಪನ ಚಹಾದಂಗಡಿಗೆ ಬಂದು ಮುಟ್ಟಿದ್ದೇ ತಡ, ರಣಭೇರಿ ಮೊಳಗಿತು.

“ಆ ರೇಷ್ಮಾ ಮುನಿಸಿಕೊಂಡ್ರ ನೆಗಡಿ ಬಂದಂಗ ಕಾಣಸ್ತೈತ್ರಿ ಬೀಗ್ರ,” ಎಂದು ಸಂಗನಬಸಪ್ಪನು ಮೊದಲ ಬಾಣ ಬಿಟ್ಟನು. “ಮುನಿಸು ಅಂದ್ರ ಚಂಪಾಬಾಯಿದು. ಆಕಿ ಸೆರಗ ಜಾಡಿಸಿ ಹೊಳ್ಳಿದ್ಲಂದ್ರ ಮುಂದಿನ ಸಾಲಿನ್ಯಾಗ ನಮ್ಮ ಚಾ ಆರತಿತ್ತು.”

“ಖರೇ ಐತ್ರಿ. ಆದ್ರ ಚಂಪಾಬಾಯಿ ಈಗ ಮುನಿಸಿಕೊಂಡು ಹ್ವಾದ್ರ ಕರ್ಯಾಕ ಗಂಡ ಬರೂದಿಲ್ರಿ, ಮೊಮ್ಮಕ್ಕಳು ಬರ್ತಾವ.”

“ಬರ್ಲಿ ಬಿಡ್ರಿ! ಕಾಲಪೆಟಗಿ ಇದ್ರ ಮೊಮ್ಮಕ್ಕಳೂ ಅಳ್ತಾವ. ಮಾಸ್ತರು ಕಾಲಿಲೆ ತುಳದು ಗಾಳಿ ಹಾಕಿದ್ರ ಪೆಟಗಿ ಉಸರಾಡ್ತೈತಿ. ನಿಮ್ಮ ಕೀಬೋರ್ಡ್ ಏನ್ ಉಸರಾಡ್ತೈತ್ರಿ? ವೈರ್ ಕಿತ್ರ ಹೆಣ.”

“ಆ ಪೆಟಗಿ ಉಸರಾಡೂದಿಲ್ರಿ, ದಮ್ಮ ಹತ್ತಿ ತೇಕತೈತಿ. ಕೀಬೋರ್ಡಿನ್ಯಾಗ ಕೋಗಿಲಾ ಐತಿ, ಗುಡುಗ ಐತಿ, ರೈಲ್ ಐತಿ.”

“ಮುತ್ತೈದಿ ತವರಿಗೆ ಬಸ್ಸಿನ್ಯಾಗ ಹೊಂಟಾಳ್ರೀಪಾ, ರೈಲ್ ತಗೊಂಡು ಏನ್ ಮಾಡ್ತಾಳ?”

“ಚಾ ಆರಾಕತ್ತೈತ್ರೀ ಯಪ್ಪಾ,” ಎಂದು ಗ್ಯಾನಪ್ಪನು ಸಂಧಿಪ್ರಸ್ತಾಪ ಮಾಡಿ ನೋಡಿದನು. ಕುರುಕ್ಷೇತ್ರದಲ್ಲಿ ಸಂಧಿಪ್ರಸ್ತಾಪಗಳಿಗೆ ಏನು ಗತಿಯಾಯಿತೋ ಇಲ್ಲಿಯೂ ಅದೇ ಆಯಿತು.

ಆಗ ಸಂಗನಬಸಪ್ಪನು, ಪ್ರಳಯಕಾಲದ ಮೇಘವು ಎಲೆ ಅಡಕೆ ಉಗುಳಿ ಬಂದಂತೆ ಎದ್ದು ನಿಂತು, ತಲೆಗೆ ಸುತ್ತಿದ ಪಟಗಾ ಸರಿಪಡಿಸಿಕೊಂಡು, ಬಲಗೈಯನ್ನು ಆಕಾಶಕ್ಕೂ ಎಡಗೈಯನ್ನು ಚಹಾದ ಬಸಿಗೂ ಚಾಚಿ ಘೋರಪ್ರತಿಜ್ಞೆಗೈದನು:

“ಕೇಳ್ರಿ ಬೀಗ್ರ! ಗ್ಯಾನಪ್ಪಾ, ನೀನೂ ಕೇಳಲೇ! ಆ ರೇಷ್ಮಾಗಾಗ್ಲಿ, ಆ ವೈರಿನ ಡಬ್ಬಿಗಾಗ್ಲಿ ಈ ಬಾಯಾಗಿಂದ ಒನ್ಸ್ ಮೋರ್ ಬಿತ್ತಂದ್ರ, ನಮ್ಮಪ್ಪನ ಖುರ್ಚಿ ನಿಮ್ದು. ನಾ ಸಾಯೂತನಕಾ ಚಾಪಿ ಮ್ಯಾಲ ಕುಂದರ್ತೀನಿ!”

“ಆತ್ರಿ!” ಎಂದು ಹುಚ್ಚೇಶಪ್ಪನು ಮೇಜು ಗುದ್ದಿದನು. “ಚಂಪಾಬಾಯಿಗಾಗ್ಲಿ, ಆ ದಮ್ಮಿನ ಪೆಟಗಿಗಾಗ್ಲಿ ನಾ ಒನ್ಸ್ ಮೋರ್ ಅಂದ್ರ ಖುರ್ಚಿ ಹೆಸರು ಎತ್ತೂದಿಲ್ಲ. ನಾನೂ ಚಾಪಿನ!”

ಈ ಭೀಷಣ ವಾರ್ತೆಯು ಕಂಪನಿಯ ಮ್ಯಾನೇಜರ್ ಚಿದಾನಂದನ ಕಿವಿಗೆ ಬಿದ್ದಿತು. ಊರು ಎರಡು ಪಾಳೆಯವಾಗಿದೆ, ಅರ್ಧ ಟೆಂಟು ಖಾಲಿ ಉಳಿಯುವುದೆಂದು ಅವನು ನಡುಗಿದನು. ಆದರೆ ಹಗೆಗಳಿಬ್ಬರನ್ನೂ ಒಂದೇ ಏಟಿಗೆ ತೃಪ್ತಿಪಡಿಸುವ ರಾಜನೀತಿಯಲ್ಲಿ ಅವನು ಪಳಗಿದ ಹುಲಿ. ಮರುದಿನವೇ ಚಹಾದಂಗಡಿಗೆ ಬಂದು ಎದೆಯುಬ್ಬಿಸಿ ಸಾರಿದನು: “ಯಜಮಾನ್ರ, ಇಬ್ಬರಿಗೂ ಅರ್ಧರ್ಧ ನ್ಯಾಯ ಮಾಡೀನ್ರಿ. ಮುತ್ತೈದಿ ಪಾತ್ರ ರೇಷ್ಮಾದು, ಆಕಿ ಹಾಡಿಗೆ ಪೆಟಗಿ. ಅತ್ತಿ ಪಾತ್ರ ಚಂಪಾಬಾಯಿದು, ಆಕಿ ಹಾಡಿಗೆ ಕೀಬೋರ್ಡ್. ಇನ್ನ ಯಾರೂ ಮುನಿಸಿಕೊಳ್ಳಬ್ಯಾಡ್ರಿ, ಮುನಿಸಿಕೊಳ್ಳಾಕ ನಾವು ಪಗಾರ ಕೊಟ್ಟು ಜನಾ ಇಟ್ಟೇವಿ.”

ಊರು ಅವನ ಬುದ್ಧಿಯನ್ನು ಕೊಂಡಾಡಿತು. ಆ ಬುದ್ಧಿ ಏನು ಮಾಡಿಟ್ಟಿದೆಯೆಂಬುದು ಮಾತ್ರ ರವಿವಾರ ಮಧ್ಯಾಹ್ನದ ಮೊದಲ ಆಟದತನಕ ಯಾರಿಗೂ ಹೊಳೆಯಲಿಲ್ಲ.

ಆ ಮಧ್ಯಾಹ್ನ, ಗಂಡಸರು, ಹೆಂಗಸರು, ಹಸುಗೂಸುಗಳೆಂಬ ಚತುರಂಗಬಲಕ್ಕೆ ಒಂದು ಅಂಗ ಕಡಿಮೆಯಾದ ಸೈನ್ಯವು ಟೆಂಟಿನಲ್ಲಿ ಜಮಾಯಿಸಿತು. ಕಂಬದ ಖುರ್ಚಿಯಲ್ಲಿ ಸಂಗನಬಸಪ್ಪ ವಿರಾಜಮಾನನಾದನು. ಪಕ್ಕದ ಮಡಚುವ ಖುರ್ಚಿಯಲ್ಲಿ ಹುಚ್ಚೇಶಪ್ಪನು, ರಂಗಕ್ಕೆ ಮಗ್ಗುಲಾಗಿ, ಬೀಗನ ಬಾಯಿಯನ್ನೇ ನೋಡುತ್ತ ಕುಳಿತನು.

ರೇಷ್ಮಾ ಬಂದಳು. ಮುನಿಸಿಕೊಂಡಳು. ನೆಗಡಿ ಬಂದಂತೆ ಕಾಣಲಿಲ್ಲ. ಕಾಲುಪೆಟ್ಟಿಗೆ ಉಸಿರೆಳೆದು ಬಿಟ್ಟಿತು, ಅದರ ಉಸಿರಿನ ಮೇಲೆ ಅವಳ ದನಿ ತವರಿನ ಹಾದಿ ಹಿಡಿದು ಹೊರಟಿತು. ಸಂಗನಬಸಪ್ಪನ ಕಣ್ಣಿನಿಂದ ಹೊರಟ ಅಶ್ರುಧಾರೆ ಮೀಸೆಯ ತಾಂಬೂಲವನ್ನು ತೊಳೆಯಿತು. ಹಾಡು ಮುಗಿಯಿತು. ಅವನ ಎದೆಯಲ್ಲಿ ‘ಒನ್ಸ್’ ಎಂಬುದು ಎದ್ದು ಗಂಟಲಿಗೆ ಬಂದಿತು, ನಾಲಗೆಗೆ ಬಂದಿತು, ಹಲ್ಲಿನ ಬಾಗಿಲು ತಟ್ಟಿತು. ಪೆಟ್ಟಿಗೆಗೆ ಕೂಗೋಣವೆಂದರೆ ಹಾಡಿದವಳು ರೇಷ್ಮಾ! ಅವನು ಪಟಗಾದ ತುದಿಯನ್ನು ಬಾಯಿಗೆ ತುರುಕಿಕೊಂಡನು. ರೇಷ್ಮಾ ವಾಡಿಕೆಯಂತೆ ಮತ್ತೆ ಹಾಡಲು ಕರೆ ಬರಬಹುದೆಂದು ಒಂದು ಕಾಲು ಎತ್ತಿ ನಿಂತಳು. ನಿಂತೇ ನಿಂತಳು. ಆಮೇಲೆ ಆ ಕಾಲನ್ನು ಇಳಿಸಿ ನಿಜವಾಗಿಯೇ ಮುನಿಸಿಕೊಂಡು ಒಳಗೆ ಹೋದಳು.

ಚಂಪಾಬಾಯಿ ಬಂದಳು. ಅತ್ತೆಯಾಗಿ ಗುಡುಗಿದಳು, ಹಿಂದೆ ಕೀಬೋರ್ಡೂ ಗುಡುಗಿತು. ವಿಷ ಕುಡಿದ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಹಾಡಿದ ಹಾಡಿಗೆ ಚಾಪೆಯ ಮೇಲಿನ ಹಸುಗೂಸುಗಳೂ ಅಳು ನಿಲ್ಲಿಸಿದವು. ಹುಚ್ಚೇಶಪ್ಪನೂ ಕರವಸ್ತ್ರ ತುರುಕಿಕೊಂಡನು; ಈಗ ಇಬ್ಬರು ಬೀಗರ ಬಾಯಲ್ಲೂ ಬಟ್ಟೆ. ಒಬ್ಬನಿಗೆ ನಟಿ ತನ್ನವಳು, ಡಬ್ಬಿ ಹಗೆಯದು. ಇನ್ನೊಬ್ಬನಿಗೆ ಡಬ್ಬಿ ತನ್ನದು, ನಟಿ ಹಗೆಯವಳು. ಸತ್ತ ಮಗ ಎದ್ದು ಮತ್ತೆ ಸಾಯಲು ಸಿದ್ಧನಾಗಿ ಒಂದು ಕಣ್ಣು ತೆರೆದು ನೋಡಿದನು. ಕರೆ ಬರಲಿಲ್ಲ. ತಾನೇ ಕಣ್ಣು ಮುಚ್ಚಿಕೊಂಡನು. ಅವನಿಗೆ ಸ್ವಂತದ ಹಾಡಿರಲಿಲ್ಲ. ತಾಯಿಗೂ ಹೆಂಡತಿಗೂ ನಡುವೆ ಸಿಕ್ಕ ಗಂಡಸಿಗೆ ಹಾಡಲು ತೆರಪೆಲ್ಲಿ?

“ಅಣ್ಣಾರ, ಒಮ್ಮೆ ಒದರಿಬಿಡ್ರಿ, ನಮ್ಮ ಹೊಟ್ಟಿ ಉಬ್ಬಾಕತ್ತೈತಿ!” ಎಂದು ಹೆಂಗಸರ ಕಡೆಯಿಂದ ಆರ್ತನಾದ ಬಂದಿತು. ಖುರ್ಚಿ ಮಿಸುಕಲಿಲ್ಲ. ಮೊದಲ ಆಟಕ್ಕೆ ಒನ್ಸ್ ಮೋರ್ ಬರದ ನಾಟಕ ಬಿದ್ದ ನಾಟಕವೆಂಬುದು ಕಂಪನಿಯ ನಂಬಿಕೆ. ಒಳಗೆ ಚಿದಾನಂದನು ಹಳೆಯ ನಾಟಕದ ಬೋರ್ಡು ಎಲ್ಲಿದೆಯೆಂದು ಹುಡುಕತೊಡಗಿದನು.

ಇಂಟರ್ವೆಲ್ಲಿಗೆ ಪರದೆ ಬಿದ್ದಿತು. ಆಗ, ಟೆಂಟಿನ ಹಿಂಬಾಗಿಲಿನಿಂದ, ತಲೆಯ ಮೇಲೆ ಬಜ್ಜಿಯ ಬುಟ್ಟಿ ಹೊತ್ತು, ಮೌಲಾಸಾಬನು ಪ್ರವೇಶಿಸಿದನು. ಅವನು ಬಾಯಿ ತೆರೆದನು.

“ಮಿರ್ಚೀ... ಈ... ಈಈ... ಬಿಸಿಬಿಸಿ ಮಿರ್ಚೀ... ಈ...”

ಕೆಳಗಿನಿಂದ ಎದ್ದು, ಟೆಂಟಿನ ನೆತ್ತಿ ಮುಟ್ಟಿ, ಅಲ್ಲಿ ಒಂದು ಗಳಿಗೆ ತೂಗಾಡಿ, ಎಣ್ಣೆಯಲ್ಲಿ ಬಿದ್ದ ಹಿಟ್ಟಿನಂತೆ ಸುಯ್ಯೆಂದು ಇಳಿದುಬಂದ ಆ ಸ್ವರಕ್ಕೆ ಪೆಟ್ಟಿಗೆಯಿರಲಿಲ್ಲ, ಡಬ್ಬಿಯಿರಲಿಲ್ಲ. ಅದು ರೇಷ್ಮಾಳದಲ್ಲ, ಚಂಪಾಬಾಯಿಯದಲ್ಲ. ಯಾವ ಪ್ರತಿಜ್ಞೆಯೂ ಅದಕ್ಕೆ ಅಡ್ಡ ಬರುತ್ತಿರಲಿಲ್ಲ. ಮಧ್ಯಾಹ್ನದಿಂದ ಕಟ್ಟಿ ನಿಂತ ಪ್ರವಾಹವು ಇಬ್ಬರು ಬೀಗರ ಬಾಯಿಯ ಬಟ್ಟೆಯನ್ನೂ ಕಿತ್ತೆಸೆದು, ಇಬ್ಬರನ್ನೂ ಖುರ್ಚಿಯಿಂದ ಎಬ್ಬಿಸಿ, ಒಂದೇ ಕ್ಷಣಕ್ಕೆ ಒಂದೇ ಗರ್ಜನೆಯಾಗಿ ಹೊರಬಿದ್ದಿತು:

“ಒನ್ಸ್... ಮೋ...ರ್!”

ಟೆಂಟು ಹಾರಿಹೋಗಲಿಲ್ಲವೆಂಬುದೊಂದೇ ಆಶ್ಚರ್ಯ. ಗಂಡಸರು ಕೂಗಿದರು, ಹೆಂಗಸರು ಸೀಟಿ ಹೊಡೆದರು. ಮೌಲಾಸಾಬನು ಬೆಪ್ಪಾದನು, ಆದರೆ ವಾಡಿಕೆ ವಾಡಿಕೆಯೇ. ಅವನು ಹಿಂಬಾಗಿಲಿಗೆ ತಿರುಗಿ ಹೋಗಿ, ಗಂಟಲು ಸರಿಮಾಡಿಕೊಂಡು, ಮತ್ತೆ ಮೊದಲಿನಿಂದ ಪ್ರವೇಶಿಸಿದನು. ಗರ್ಜನೆ ಕೇಳಿದ ಚಿದಾನಂದನು ಆನಂದಬಾಷ್ಪ ಸುರಿಸುತ್ತ ಪರದೆ ಎತ್ತಿಸಿದನು. ರೇಷ್ಮಾ ಮತ್ತು ಚಂಪಾಬಾಯಿ ಕೈಕೈ ಹಿಡಿದು ಬಂದು ಬಾಗಿ ನಮಸ್ಕರಿಸಿದರು. ಸಮಸ್ತ ಗುಳೇದಗುಡ್ಡ ಅವರಿಗೆ ಬೆನ್ನು ಮಾಡಿ ಮಿರ್ಚಿಯ ಕಡೆ ನೋಡುತ್ತಿತ್ತು.

“ಮೊದ್ಲ ಒದರಿದಾವ ನಾನ್ರಿ!” ಎಂದನು ಹುಚ್ಚೇಶಪ್ಪ. “ಖುರ್ಚಿ ನಂದು!”

“ಛೇ ಛೇ, ನಿಮ್ಮ ಒನ್ಸ್ ಬರೂದ್ರಾಗ ನಂದು ಮೋರ್ ಮುಗದಿತ್ರಿ!”

“ಸಾಬಾ, ನೀ ಹೇಳಪಾ. ಯಾರ ದನಿ ಮೊದ್ಲ ಕೇಳ್ತು?”

“ನಾ ಆಲಾಪದಾಗ ಇದ್ನೆರಿ,” ಎಂದನು ಮೌಲಾಸಾಬ. “ಇಬ್ರೂ ಒಂದೊಂದ್ ಪ್ಲೇಟ್ ತಗೊಳ್ರಿ, ಜಗಳ ಹರಿತು.”

ನ್ಯಾಯನಿರ್ಣಯಕ್ಕೆ ಇಬ್ಬರೂ ಖುರ್ಚಿಯ ಕಡೆ ಹೊರಳಿದರು. ಪರದೆಯ ಬಟ್ಟೆಗೆ ಪ್ರತಿಯಾಗಿ ಬಂದ, ಮನೆತನದ ಕೀರ್ತಿಪತಾಕೆಯಾದ, ಎರಡು ಕುಲಗಳ ಮರ್ಯಾದೆಯನ್ನು ಹೊತ್ತ ಆ ಕಂಬದ ಖುರ್ಚಿಯ ಮೇಲೆ ಎಣ್ಣೆ ಜಿನುಗುವ ಬುಟ್ಟಿ ಸುಖಾಸೀನವಾಗಿತ್ತು.

“ಲೇ ಸಾಬಾ, ಅದು ನಮ್ಮಪ್ಪನ ಖುರ್ಚಿಲೇ!”

“ಹೌದ್ರಿ ಯಜಮಾನ್ರ, ಚಲೋ ಅಗಲ ಐತಿ. ಬುಟ್ಟಿ ಅಳ್ಳಾಡೂದಿಲ್ಲ.”

ಸುತ್ತಲೂ ಜನ ಮುಗಿಬಿದ್ದಿದ್ದರು, ಬುಟ್ಟಿ ಏಳುವ ಲಕ್ಷಣವಿರಲಿಲ್ಲ. ಹುಚ್ಚೇಶಪ್ಪನ ಮಡಚುವ ಖುರ್ಚಿಯನ್ನು ಚಟ್ನಿಯ ಡಬರಿ ಆಕ್ರಮಿಸಿತ್ತು. ದೀಪ ಆರಿ ನಾಟಕ ಮುಂದುವರಿಯಿತು. ಒಮ್ಮೆ ಬಾಯಿ ಬಿಟ್ಟ ಊರು ಪ್ರತಿ ಹಾಡಿಗೂ ಒನ್ಸ್ ಮೋರ್ ಕೂಗಿತು. ಮಗ ಎರಡೆರಡು ಸಲ ಬದುಕಿ ಬಂದನು. ಮಹಾರಥಿಗಳಿಬ್ಬರ ಪ್ರತಿಜ್ಞೆಗೆ ಭಂಗ ಬರಲಿಲ್ಲ, ಏಕೆಂದರೆ ಬಾಯಿ ತುಂಬ ಮಿರ್ಚಿಯಿತ್ತು. ಅವರು ಚಾಪೆಯ ಮೇಲೆ, ಒಂದೇ ಕಾಗದದ ಎದುರು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದರು.

“ಉಪ್ಪು ಚೂರು ಕಮ್ಮಿ ಆಗೇತ್ರಿ ಬೀಗ್ರ,” ಎಂದನು ಹುಚ್ಚೇಶಪ್ಪ.

ಸಂಗನಬಸಪ್ಪನು ಅಗಿಯುವುದನ್ನು ನಿಲ್ಲಿಸಿದನು. ಪಟಗಾ ಸರಿಪಡಿಸಿಕೊಂಡನು.

“ಬರೋಬರಿ ಐತ್ರಿ.”